ಹಿಮದ ಚಿಟ್ಟೆ, ಕರಿಬೇವಿನ ಚಿಟ್ಟೆ

ಅಂಗಳದ ಕರಿಬೇವಿನ ಗಿಡಕ್ಕೆ ಅಂಟಿಕೊಂಡಿದ್ದ ಹಸಿರು ಗೂಡು ಆ ಭಾನುವಾರ ಬೆಳಗ್ಗೆ ಕಪ್ಪಾಗಿತ್ತು. ರೈಲ್ವೆ ಗುಮಾಸ್ತ ರಘುರಾಮ ಕಾಫಿಯನ್ನೂ ಮರೆತು, ಕೊಡೆ ಹಿಡಿದು, ಗಿಡದ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟ. ಒಳಗಿನ ಚಿಟ್ಟೆ ಇವತ್ತು ಹೊರಗೆ ಬರಲೇಬೇಕು.

ಸಂಜೆ ಐದಕ್ಕೆ ಮದ್ರಾಸಿನ ಪೆರಂಬೂರು ರೈಲ್ವೆ ನೌಕರರ ಸಂಘದಲ್ಲಿ ವಸ್ತುಪ್ರದರ್ಶನ. ಎರಡು ವರ್ಷದಿಂದ ಮೊದಲ ಬಹುಮಾನ ಸ್ಟೋರ್ಸ್ ವಿಭಾಗದ ಮಧ್ವರಾಜ ಬೆಳೆದ ಪಡವಲಕಾಯಿಗೇ ಹೋಗಿತ್ತು. ಈ ಸಲ ರಘುರಾಮನ ಬಳಿ ಕಾಶ್ಮೀರದ ಹಿಮಬೆಟ್ಟದ ಚಿಟ್ಟೆಯಿತ್ತು. ಮಿಲಿಟರಿಯಲ್ಲಿದ್ದ ಭಾವಮೈದುನ ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದು. ಪಕ್ಕದಲ್ಲಿ ಮದ್ರಾಸಿನದೊಂದನ್ನು ಜೀವಂತ ಇಟ್ಟು ಹೋಲಿಸಿ ತೋರಿಸಿದರೆ ಪಡವಲಕಾಯಿಯನ್ನು ಯಾರು ಕೇಳುತ್ತಾರೆ?

“ಎಂತ ಮಾರಾಯ್ರೆ, ಒಗ್ಗರಣೆಗೆ ಎರಡು ಎಸಳು ಕೊಯ್ಲಿಕ್ಕೂ ನಿಮ್ಮ ಪರ್ಮಿಶನ್ ಬೇಕಾ?” ಎದುರು ಮನೆಯ ಸರಸ ಕೈ ಚಾಚಿದಳು.

ರಘುರಾಮ ಕೊಡೆ ಅಡ್ಡ ಹಿಡಿದ. “ಇವತ್ತೊಂದು ದಿನ ಒಗ್ಗರಣೆ ಇಲ್ಲದ ಸಾರು ಉಣ್ಣಿ ತಾಯಿ.”

“ಬಿಸಿಲು ನೆತ್ತಿಗೇರಿದೆ ಇವ್ರಿಗೆ,” ಎಂದು ಅವಳು ವಠಾರಕ್ಕೆಲ್ಲ ಕೇಳುವ ಹಾಗೆ ಗೊಣಗಿ ಹೋದಳು.

ಮಹಡಿಯ ಸುಗುಣಮ್ಮ ಮಾತ್ರ ನಿಂತು ಶ್ರದ್ಧೆಯಿಂದ ಕೇಳಿದರು. ರಘುರಾಮನಿಗೆ ಉತ್ಸಾಹ ಬಂತು.

“ಹಿಮದ್ದಕ್ಕೆ ಬಿಸಿಲೇ ಜೀವ ಅಮ್ಮಾ. ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳದೆ ಮೇಲೇಳೋಕೇ ಆಗಲ್ಲ. ನಮ್ಮೂರಿಂದು ತದ್ವಿರುದ್ಧ. ಬಿಸಿಲೇರಿದ್ರೆ ನೆರಳು ಹುಡುಕುತ್ತೆ.”

“ಪಾವಂ!” ಎಂದು ಮರುಗಿ ಅವರು ಮೆಟ್ಟಿಲೇರಿದರು.

ಹನ್ನೊಂದಕ್ಕೆ ಗೂಡು ಬಿರಿಯಿತು. ಹಿಂಡಿದ ಪಂಚೆಯಂತೆ ಮುದುಡಿದ್ದ ರೆಕ್ಕೆ ಅರಳಿ ಒಣಗುವವರೆಗೂ ಅವನು ಅಲ್ಲಾಡಲಿಲ್ಲ. ಕೊನೆಗೆ ಚಿಟ್ಟೆಯನ್ನು ಗಾಜಿನ ಸೀಸೆಗೆ ತುಂಬಿ, ಗೆದ್ದವನಂತೆ ಜಗುಲಿಗೆ ಬಂದು ನೋಡುತ್ತಾನೆ, ಮೇಜಿನ ಮೇಲೆ ಕಾಶ್ಮೀರದ ಪೆಟ್ಟಿಗೆಯೇ ಇಲ್ಲ!

ಸುಗುಣಮ್ಮ ಖಾಲಿ ಪೆಟ್ಟಿಗೆ ಹಿಡಿದು ಮಹಡಿಯಿಂದ ಇಳಿದು ಬಂದರು. ಮುಖ ದೀಪದ ಹಾಗೆ ಬೆಳಗುತ್ತಿತ್ತು.

“ನಿಮ್ಮ ಮಾತು ಸುಳ್ಳಾಗ್ಲಿಲ್ಲ ಕಣಪ್ಪಾ! ಸೂಜಿ ಕಿತ್ತು, ಸಂಡಿಗೆ ಪಕ್ಕ ಬಿಸಿಲಿಗಿಟ್ಟೆ. ಕಡಲಗಾಳಿ ಬೀಸಿತು ನೋಡಿ, ಭರ್ರಂತ ಹಾರೇಹೋಯ್ತು!”

“ಅದು ಸತ್ತು ಎಂಟು ತಿಂಗಳಾಗಿತ್ತಮ್ಮಾ...” ರಘುರಾಮ ಖಾಲಿ ಪೆಟ್ಟಿಗೆಯೊಳಗೆ ಇಣುಕಿದ.

“ಚಳಿಗೆ ಮರಗಟ್ಟಿತ್ತು ಅಷ್ಟೆ. ಅಯ್ಯೋ, ಇದನ್ಯಾಕೆ ಸೆಕೆಯಲ್ಲಿ ಬೇಯಿಸ್ತಿದ್ದೀರಿ? ಇದಕ್ಕೆ ನೆರಳಲ್ವಾ ಬೇಕು?” ಎನ್ನುತ್ತ ಸೀಸೆಯ ಮುಚ್ಚಳ ತಿರುವಿಯೇಬಿಟ್ಟರು.

ರಘುರಾಮ ಹಿಂಜರಿಯುವ ಆಳಲ್ಲ. ಐದಕ್ಕೆ ಸರಿಯಾಗಿ ಖಾಲಿ ಪೆಟ್ಟಿಗೆ, ಖಾಲಿ ಸೀಸೆ ಎರಡನ್ನೂ ಮಧ್ವರಾಜನ ಪಡವಲಕಾಯಿಯ ಪಕ್ಕದಲ್ಲಿ ಜೋಡಿಸಿಟ್ಟು, ಎದೆಯುಬ್ಬಿಸಿ ನಿಂತ.

ತೀರ್ಪುಗಾರರು ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿದರು. “ಏನ್ರೀ ಇದು ಹೋಲಿಕೆ?”

“ಎರಡೂ ಬಹಳ ಚೆನ್ನಾಗಿ ಹಾರ್ತವೆ ಸಾರ್.”