ಟಾವೆಲ್ ಒಲ್ಲೆ ಎಂದ ಷಡ್ಡಕ

ನನ್ನ ಷಡ್ಡಕನಿಗೆ ಕಾರಿಲ್ಲ, ಸ್ಕೂಟರಿಲ್ಲ, ಇದ್ದೊಂದು ಸೈಕಲ್ಲಿಗೆ ಗಾಳಿಯಿಲ್ಲ. ಆದರೂ ಇಂಡಿಯಿಂದ ಮುದ್ದೇಬಿಹಾಳದವರೆಗೆ ಗಾಡಿಯಿದ್ದವರೆಲ್ಲ ವಿಮೆಯ ಕಾಗದ ಹಿಡಿದು ಅವನ ಬಾಗಿಲಿಗೇ ಬರುತ್ತಾರೆ! ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ?

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಸಿಂದಗಿಯ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಸಣ್ಣ ಅಕ್ಷರ ಓದುವ ಚಟ ಹತ್ತಿಸಿಕೊಂಡಿದ್ದಾನೆ. ಔಷಧದ ಜೊತೆಗಿನ ಚೀಟಿಯನ್ನು ಅವನು ಓದಿ ಮುಗಿಸುವುದರೊಳಗೆ ಜ್ವರವೇ ಬೇಸತ್ತು ಹೋಗಿರುತ್ತದೆ.

ಇಂಡಿಯ ಅತ್ತೆಯ ಮನೆಗೆ ಹಿರಿಯ ಅಳಿಯ ನಾನು, ಬಾಗೇವಾಡಿಯ ಸಾಲಿ ಮಾಸ್ತರ. ಆದರೆ ಹೋಳಿಗೆಯ ಮೇಲೆ ತುಪ್ಪ ಹೆಚ್ಚು ಬೀಳುವುದು ಅವನ ತಾಟಿಗೆ. ಈ ಅನ್ಯಾಯ ಸರಿಪಡಿಸಲೆಂದೇ ತೊಂಬತ್ತೆಂಟರಲ್ಲಿ ಒಂದು ಹಳೇ ಅಂಬಾಸಿಡರ್ ಕೊಂಡು ನೇರವಾಗಿ ಅತ್ತೆಯ ಮನೆಯ ಮುಂದೆ ನಿಲ್ಲಿಸಿದೆ. ಆರತಿಯಾಯಿತು, ಚಕ್ರದಡಿ ನಿಂಬೆಹಣ್ಣೂ ಒಡೆಯಿತು. ಆಗ ಇವನು ಕೇಳಿದ:

"ಅಣ್ಣಾರ, ಪಾಲಿಸಿ ಎಲ್ಲೈತ್ರಿ?"

ಕಟ್ಟೆಯ ಮೇಲೆ ಕುಳಿತು ಭೂತಗನ್ನಡಿ ತೆಗೆದ. ಹತ್ತೇ ನಿಮಿಷದಲ್ಲಿ ಮಂದಿಯೆಲ್ಲ ಕಾರು ಬಿಟ್ಟು ಅವನ ಸುತ್ತ ನಿಂತರು. ನನ್ನ ಹೆಂಡತಿಯೂ!

"ಬಾಡಿಗಿಗೆ ಓಡಸೂಹಂಗಿಲ್ಲ. ಓಡಿಸಿದ್ದಕ್ಕ ಪ್ರತಿಫಲ ಅಂತ ಏನರೆ ತಗೊಂಡ್ರೂ ವಿಮಾ ಸಿಗಂಗಿಲ್ಲ" ಎಂದ.

"ನಮ್ಮ ಸಿಂದಗಿಯವರು ಭಾಳ ಶಾಣ್ಯಾರು" ಎಂದರು ಅತ್ತೆ. ಕಾರು ತಂದವನು ನಾನು, ಶಾಣ್ಯಾ ಆದವನು ಅವನು.

ಮುಂದಿನ ತಿಂಗಳು ಅತ್ತೆಯ ತಮ್ಮನ ಮಗನ ಮದುವೆ ಮುದ್ದೇಬಿಹಾಳದಲ್ಲಿ. ಮದುಮಗನಿಗೆ ನನ್ನದೇ ಕಾರು. ಐದಕ್ಕಿಂತ ಹೆಚ್ಚು ಮಂದಿ ಕೂಡಬಾರದೆಂದು ಷಡ್ಡಕ ಮದುಮಗನ ಸೋದರಮಾವನನ್ನೇ ಇಳಿಸಿ ಬಸ್ಸಿಗೆ ಕಳಿಸಿದ. ಅದಾದರೂ ನಡೆಯಿತು. ಮದುವೆಗೆ ಗಾಡಿ ತಂದವರಿಗೆ ಟಾವೆಲ್ ಹೊದಿಸಿ, ಕಾಯಿ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಹೊರಡುವಾಗ ಹೆಣ್ಣಿನ ತಂದೆ ನನ್ನ ಹೆಗಲಿಗೆ ಟಾವೆಲ್ ಹಾಕಿದರು. ನಾನು ಎದೆಯುಬ್ಬಿಸುವಷ್ಟರಲ್ಲಿ ಇವನು ಅದನ್ನು ತೆಗೆದು ತಾಟಿನಲ್ಲಿಟ್ಟ.

"ಒಲ್ಲಿವ್ರಿ. ಇದು ಪ್ರತಿಫಲ ಆಗತೈತಿ."

"ಟಾವೆಲ್ ಹೆಂಗ ಪ್ರತಿಫಲ ಆಗತೈತೋ ಮಾರಾಯಾ?" ಎಂದೆ.

"ಟಾವೆಲ್ ಬಿಟ್ಟು ಅಂತ ಪಾಲಿಸ್ಯಾಗ ಬರದಿಲ್ರಿ."

ಹೆಣ್ಣಿನ ತಂದೆಯ ಮುಖ ಕೆಂಪಾಯಿತು. ನಾನು ತಲೆ ತಗ್ಗಿಸಿ ಗಾಡಿ ಹತ್ತಿದೆ.

ಆ ಸಿಟ್ಟಿನಲ್ಲೇ ಓಡಿಸಿದೆನೋ ಏನೋ, ತಾಳಿಕೋಟೆಯ ಹತ್ತಿರ ಎದುರು ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಜಾಲಿ ಮರಕ್ಕೆ ಗುದ್ದಿದೆ. ಯಾರಿಗೂ ಪೆಟ್ಟಾಗಲಿಲ್ಲ, ಬಾನೆಟ್ಟು ಮಾತ್ರ ಹಪ್ಪಳವಾಯಿತು. ಕಾರಿನ ಜೊತೆಗೆ ಅತ್ತೆಯ ಮನೆಯಲ್ಲಿ ನನ್ನ ಮಾನವೂ ಹೋಯಿತೆಂದು ಕೈಚೆಲ್ಲಿ ಕುಳಿತೆ.

ಗ್ಯಾರೇಜಿಗೆ ಬಂದ ವಿಮೆಯ ಮನುಷ್ಯ ಕಾರಿನ ಹೂವಿನ ಹಾರ ನೋಡಿ ಹುಬ್ಬೇರಿಸಿದ. "ಮದುವಿ ಬಾಡಿಗಿ ಹೊಡದೀರೇನ್ರಿ?"

ಇಲ್ಲವೆಂದರೆ ಸಾಕ್ಷಿ ಕೇಳಿದ. ಷಡ್ಡಕ ಮುದ್ದೇಬಿಹಾಳದ ಬಸ್ಸು ಹತ್ತಿ, ಸಂಜೆಯೊಳಗೆ ಹೆಣ್ಣಿನ ತಂದೆಯನ್ನೇ ಅವನೆದುರು ಕರೆತಂದ. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಬಾಡಿಗಿ? ಒಂದು ಟಾವೆಲ್ ಸೈತ ಮುಟ್ಟಲಿಲ್ರಿ ಇವರು. ಇಂಥಾ ಸೊಕ್ಕಿನ ಮಂದೀನ ನಾ ಕಂಡಿಲ್ಲ."

ಆ ಬೈಗುಳವನ್ನೇ ಸಾಕ್ಷಿಯೆಂದು ಬರೆದುಕೊಂಡು ವಿಮೆಯವನು ಹೋದ. ವಿಮೆ ಸಿಕ್ಕಿತು, ನನ್ನ ಮಾನವೂ ಉಳಿಯಿತು. ಉಳಿಸಿದವನು ಮಾತ್ರ ಅವನು! ಇದಕ್ಕಿಂತ ಕಾರು ಹೋಗಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ರಿಪೇರಿಯಾದ ಕಾರಿನಲ್ಲಿ ಅವನನ್ನು ಸಿಂದಗಿಗೆ ಬಿಡಲು ಹೊರಟೆ. ದಾರಿಯಲ್ಲಿ ತಡೆಯಲಾರದೆ ಹೇಳಿಬಿಟ್ಟೆ. "ಕಾರು ತಗೊಂಡ್ರೂ ನಿನ್ನ ಮುಂದ ನಾ ಸಣ್ಣಾವನ ಆದೆ ನೋಡಪಾ."

ಅವನು ಕಾರಿನ ಬಾಗಿಲ ಮೇಲೆ ಕೈಯಾಡಿಸಿದ.

"ಅಣ್ಣಾರ, ನೀವು ಕಾರು ತಂದ ದಿನಾ ನನಗ ಹೊಟ್ಟಿ ಉರದಿತ್ರಿ. ನಮ್ಮಾಕಿ ಅದರ ಬಾಗಲಾ ಸವರಿ ಸವರಿ ನೋಡಾಕತ್ತಿದ್ಲು. ಅದನ್ನ ನೋಡಲಾರದ ನಾ ಕಾಗದ ಹಿಡದು ಕುಂತೆ."

ಸಿಂದಗಿಯಲ್ಲಿ ಅವನ ಮನೆಯ ಮುಂದೆ ನಿಲ್ಲಿಸಿ, ಕೆಳಗಿಳಿದು, "ಈ ಕಡೆ ಬಂದು ಕುಂದ್ರು" ಎಂದೆ.

"ಲೈಸನ್ಸ್ ಇಲ್ಲದಾವ್ರು ನಡಸೂಹಂಗಿಲ್ರಿ. ಅದನ್ನೂ ಬರದಾರ."

"ಎಂಜಿನ್ ಬಂದ್ ಮಾಡೇನಿ. ಬಂದ್ ಗಾಡ್ಯಾಗ ಕುಂದ್ರಬ್ಯಾಡಂತ ಬರದಾರೇನು?"

ಅವನು ಕಣ್ಣುಮುಚ್ಚಿ ಎಲ್ಲ ಷರತ್ತುಗಳನ್ನೂ ಒಂದೊಂದಾಗಿ ನೆನೆಸಿಕೊಂಡ. "ಇಲ್ರಿ" ಎಂದ. ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು ಸ್ಟೇರಿಂಗ್ ಹಿಡಿದ. ಗಾಡಿಯ ಸಪ್ಪಳಕ್ಕೆ ಹೊರಗೆ ಬಂದ ಅವನ ಹೆಂಡತಿಗೆ ನಾನೇ ಮುಂದಿನ ಬಾಗಿಲು ತೆರೆದೆ. ಅವಳು ಸೆರಗು ಸರಿಮಾಡಿಕೊಂಡು ಅವನ ಪಕ್ಕ ಕುಳಿತಳು. ಇಬ್ಬರೂ ನೆಟ್ಟಗೆ ಮುಂದೆ ನೋಡುತ್ತಿದ್ದರು, ಎಲ್ಲಿಗೋ ಹೊರಟವರ ಹಾಗೆ. ಎಷ್ಟು ಹೊತ್ತಾದರೂ ಆಗಲಿ ಎಂದು ನಾನು ಅವರ ಕಟ್ಟೆಯ ಮೇಲೆ ಕುಳಿತುಕೊಂಡೆ.