ದಪ್ಪ ಪೆನ್ಸಿಲ್, ಗಿಡ್ಡ ಟವರ್

ಪೆನ್ಸಿಲ್ ಹಿಡಿದು ಕಾರ್ಖಾನೆ ಕಟ್ಟುವವರ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಹುಮನಾಬಾದಿನಲ್ಲಿ ನಮ್ಮದು ಬಳಸಿದ ಸ್ಪಿರಿಟ್ಟನ್ನು ಕಾಯಿಸಿ ನೀರಿನಿಂದ ಬೇರ್ಪಡಿಸುವ ಸಣ್ಣ ಕಾರ್ಖಾನೆ. ಸ್ಪಿರಿಟ್ಟು ಉಗಿಯಾಗಿ ಮೇಲೇರುವ ಹೊಸ ಟವರಿನ ಲೆಕ್ಕ ನನ್ನ ತಲೆಗೆ ಬಿತ್ತು. ಮಾಲಕರು ಒಪ್ಪಿದರೆ ನೌಕರಿ ಪಕ್ಕಾ. ಇಲ್ಲವಾದರೆ ಬಸವಕಲ್ಯಾಣದಲ್ಲಿ ಮಾವನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟುವುದು.

ಪೆನ್ಸಿಲ್

ನಮ್ಮ ಹಿರಿಯ ಇಂಜಿನಿಯರರಿಗೆ ಕಂಪ್ಯೂಟರ್ ಕಂಡರಾಗದು. ಗ್ರಾಫ್ ಹಾಳೆಯ ಮೇಲೆ ಒಂದು ಡೊಂಕು ಗೆರೆ, ಒಂದು ನೇರ ಗೆರೆ. ನಡುವೆ ಮೆಟ್ಟಿಲು ಹಾಕುತ್ತ ಹೋಗಬೇಕು. ಮೆಟ್ಟಿಲು ಹೆಚ್ಚಾದಷ್ಟೂ ಟವರಿನೊಳಗೆ ಒಂದರ ಮೇಲೊಂದು ಕೂರಿಸುವ ಪ್ಲೇಟು ಹೆಚ್ಚು, ಟವರೂ ಎತ್ತರ. ನನಗೆ ಜಾಸ್ತಿ ಬಂದವು, ಅವರಿಗೆ ಕಡಿಮೆ.

"ಸರ್, ನಿಮ್ಮ ಪೆನ್ಸಿಲ್ ಭಾಳ ದಪ್ಪ ಅದ್ರಿ. ಮ್ಯಾಲಿನ ಮೆಟ್ಲೆಲ್ಲ ಗೆರಿಯೊಳಗ ಮುಚ್ಚಿಹೋಗ್ಯಾವ."

"ಮುಚ್ಚಲಿ ಬಿಡು. ಪೆನ್ಸಿಲ್ ದಪ್ಪ ಇದ್ರ ಟವರ್ ಗಿಡ್ಡ ಆಗ್ತದ. ಮಾಲಕರಿಗೆ ಗಿಡ್ಡಂದೇ ಬೇಕು."

ಬಸ್ಸು

ಮರುದಿನ ಬಸ್ಸಿನಲ್ಲಿ ಹಾಳೆಯನ್ನು ತೊಡೆಯ ಮೇಲಿಟ್ಟು ತಿದ್ದುತ್ತಿದ್ದೆ. ಪಕ್ಕದಲ್ಲಿ ಮುಡಬಿಗೆ ಹೊರಟ ಒಬ್ಬ ಅಜ್ಜಿ.

"ಮನಿ ಕಟ್ಟಾಕತ್ತೀ ಏನಪಾ?"

ವಿವರಿಸುವ ತಾಳ್ಮೆ ಯಾರಿಗಿದೆ? "ಹೌದು ಆಯಿ," ಎಂದೆ.

"ಮ್ಯಾಲ ಹೋದಂಗ ಮೆಟ್ಲು ಸಣ್ಣ ಆಗ್ಯಾವಲ್ಲೋ! ನಿಮ್ಮವ್ವ ಹ್ಯಾಂಗ ಹತ್ತಬೇಕು?"

"ಇದನ್ನ ಮನುಷ್ಯಾರು ಹತ್ತಂಗಿಲ್ಲ ಆಯಿ, ಸ್ಪಿರಿಟ್ ಹತ್ತತದ."

ಅಜ್ಜಿ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಗಂಟು ಎತ್ತಿಕೊಂಡು ಮುಂದಿನ ಸೀಟಿಗೆ ಹೋದಳು.

ಮಾಲಕರು

ಮಾಲಕರು ಮೊದಲು ಬಟ್ಟೆ ವ್ಯಾಪಾರದವರು. ಚೌಕಾಶಿಯಿಲ್ಲದೆ ಚಹಾ ಕೂಡ ಕುಡಿಯರು. ನನ್ನ ಹಾಳೆ ನೋಡಿದವರೇ, "ಪ್ಲೇಟ್ ಭಾಳ ಆದ್ವು. ನಾಕು ಕಮ್ಮಿ ಮಾಡ್ರಿ," ಎಂದರು.

ಒಪ್ಪಿಕೋ ಎಂದು ಹಿರಿಯರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನನ್ನ ಕಣ್ಣ ಮುಂದೆ ಸಕ್ಕರೆ ಪೊಟ್ಟಣ ಬಂತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಮಾಡಬಹುದ್ರಿ. ಆದ್ರ ಪ್ಲೇಟ್ ಕಮ್ಮಿ ಆದ್ರ ಉಗಿ ಜಾಸ್ತಿ ಬೇಕು. ಬಾಯ್ಲರಿಗೆ ದಿನಾ ಕಬ್ಬಿನ ಸಿಪ್ಪಿ ಜಾಸ್ತಿ ಹಾಕಬೇಕಾಗ್ತದ."

ಮಾಲಕರ ಮುಖ ಕೆಂಪಾಯಿತು. ನಮಗೆ ಸಿಪ್ಪೆ ಮಾರುವವನು ಅವರ ಹೆಂಡತಿಯ ತಮ್ಮ. ಹೊಲದ ಜಗಳದಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು.

"ಅಂದ್ರ ಲಾಭ ಆ ಹರಾಮಖೋರನಿಗೇನು? ಪ್ಲೇಟ್ ಹೆಚ್ಚಿಸಿದ್ರ ಸಿಪ್ಪಿ ಕಮ್ಮಿ ಆಗ್ತದೋ ಇಲ್ಲೋ?"

"ಆಗ್ತದ್ರಿ."

"ಮತ್ಯಾಕ ಕುಂತೀರಿ? ಹೆಚ್ಚಸ್ರಿ! ನಿನ್ನ ನೌಕರಿ ಪಕ್ಕಾ, ತಮ್ಮಾ. ಟವರ್ ಹಳ್ಳಿಖೇಡದಾಗ ಅವನ ಮನಿ ಮಾಳಗಿ ಮ್ಯಾಲಿಂದ ಕಾಣಬೇಕು!"

ಖುಷಿಯಿಂದ ಹಿರಿಯರತ್ತ ತಿರುಗಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಜೇಬಿನಿಂದ ಮೆಂಡರ್ ತೆಗೆದು, ಆ ದಪ್ಪ ಪೆನ್ಸಿಲನ್ನು ಸೂಜಿಯಾಗುವಷ್ಟು ಹೆರೆಯುತ್ತಿದ್ದರು.