ಟೆಂಡರ್ ಮುಗಿಯುವವರೆಗೆ ಕಾಫಿ ಇಲ್ಲ

ಎಪ್ಪತ್ತರ ದಶಕದ ಕೊನೆಯ ಒಂದು ಆಷಾಢ. ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ: ಜಯನಗರದ ನಮ್ಮ ಮನೆಯ ಗೇಟು. ಹಾಜರಿದ್ದವರು: ಗೇಟಿನ ಒಳಗೆ ನಾನು ಮತ್ತು ನಮ್ಮಮ್ಮ, ಹೊರಗೆ ನಮ್ಮ ಭಾವ, ಅಂದರೆ ಅಕ್ಕನ ಗಂಡ. ನಡುವೆ, ಅಮ್ಮನ ಕೈಯಲ್ಲಿ, ಹಬೆಯಾಡುವ ಒಂದು ಲೋಟ ಕಾಫಿ.

ಲಂಚ ಮುಟ್ಟದ ಅಧಿಕಾರಿಗಳನ್ನು ನಾನೂ ಕಂಡಿದ್ದೇನೆ. ಆದರೆ ಅತ್ತೆಯ ಮನೆಯ ಕಾಫಿಯನ್ನೂ ಲಂಚದ ಪಟ್ಟಿಗೆ ಸೇರಿಸಿದವರು ಈ ಭೂಮಂಡಲದಲ್ಲಿ ನಮ್ಮ ಭಾವ ಒಬ್ಬರೇ!

"ಒಳಗೆ ಬನ್ನಿ ಅಳಿಯಂದ್ರೇ, ಆರಿಹೋಗತ್ತೆ," ಎಂದಳು ಅಮ್ಮ.

"ಬರೋ ಹಾಗಿಲ್ಲ ಅತ್ತೆ. ಟೆಂಡರ್ ಕರೆದಾಗಿದೆ."

"ಯಾರನ್ನ ಕರೆದ್ರೋ ಅವರೂ ಬರ್ಲಿ. ಡಿಕಾಕ್ಷನ್ ಬೇಕಾದಷ್ಟಿದೆ."

ವಿಷಯ ಇಷ್ಟೇ. ಭಾವ ಸರ್ಕಾರಿ ಶಾಲೆಗಳಿಗೆ ಸಾಮಾನು ಕೊಳ್ಳುವ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ನಾನು ಸುದ್ದಗುಂಟೆಪಾಳ್ಯದ ಕಡೆ ಒಂದು ಶಾಲೆಯ ಹೆಡ್‌ಮೇಡಂ. ನನ್ನ ಮೂರನೆಯ ತರಗತಿಗೆ ಬೆಂಚುಗಳೇ ಇರಲಿಲ್ಲ. ಮಳೆಗಾಲದಲ್ಲಿ ಆ ಕೊಠಡಿಯ ನೆಲ ಬೆವರುತ್ತಿತ್ತು. ಮಕ್ಕಳು ಗೋಣಿಚೀಲ ಮಡಿಸಿ ಹಾಕಿಕೊಂಡು, ಕೆಮ್ಮುತ್ತಾ ಮಗ್ಗಿ ಹೇಳುತ್ತಿದ್ದರು. ಬರೆದು ಬರೆದು ಸಾಕಾಗಿ ನಾನು ಕೈಬಿಡುವ ಹೊತ್ತಿಗೆ ಬೆಂಚುಗಳು ಮಂಜೂರಾದವು. ಟೆಂಡರ್ ಕರೆಯಬೇಕು, ಮೊಹರು ಹಾಕಿದ ಲಕೋಟೆಗಳನ್ನು ಎಲ್ಲರೆದುರು ಒಡೆಯಬೇಕು, ಮಾದರಿ ನೋಡಬೇಕು. ನಡುವೆ ಯಾರಾದರೂ ತಕರಾರು ಎತ್ತಿ ಟೆಂಡರ್ ರದ್ದಾದರೆ ಬಂದ ಹಣ ವಾಪಸು. ಮಕ್ಕಳು ಮತ್ತೆ ಗೋಣಿಚೀಲಕ್ಕೆ.

ಆ ಫೈಲು ಬಂದು ಕೂತದ್ದು ಯಾರ ಮೇಜಿನ ಮೇಲೆ? ನಮ್ಮ ಭಾವನ ಮೇಜಿನ ಮೇಲೆ!

ನಾನು ಹಿಗ್ಗಿದೆ. ಭಾವ ಕುಗ್ಗಿದರು. "ಹೆಡ್‌ಮೇಡಂ ನನ್ನ ಹೆಂಡತಿಯ ತಂಗಿ, ಈ ಕೆಲಸ ಬೇರೆಯವರಿಗೆ ಕೊಡಿ" ಎಂದು ಮೇಲಧಿಕಾರಿಗೆ ಬರೆದುಕೊಟ್ಟರು. ಅವರು ಓದಿ ನಕ್ಕು, "ನಾದಿನಿಯ ಶಾಲೇನ ನಿಮ್ಮಷ್ಟು ಬಿಗಿಯಾಗಿ ಇನ್ಯಾರ್ರೀ ನೋಡ್ತಾರೆ? ನೀವೇ ಮಾಡಿ," ಎಂದುಬಿಟ್ಟರು. ಅಂದಿನಿಂದ ಭಾವ ನಮ್ಮ ಗೇಟು ದಾಟಲಿಲ್ಲ.

ಹಾಗೆಂದು ಬರುವುದನ್ನು ಬಿಟ್ಟರೇ? ಮದುವೆಯಾದಾಗಿನಿಂದ ಭಾನುವಾರದ ಕಾಫಿ ಅಮ್ಮನ ಕೈಯದ್ದೇ. ಅದನ್ನು ಬಿಟ್ಟರು, ಭಾನುವಾರವನ್ನು ಬಿಡಲಿಲ್ಲ. ಸರಿಯಾಗಿ ಎಂಟಕ್ಕೆ ಬಂದು, ಚರಂಡಿಯ ಚಪ್ಪಡಿಯ ಮೇಲೆ ಕರವಸ್ತ್ರ ಹಾಸಿ ಕೂತು, ತಮ್ಮದೇ ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡು, "ಅತ್ತೇ, ಮಂಡಿನೋವು ಹೇಗಿದೆ?" ಎಂದು ಕೂಗುವರು. ಒಳಗಿನಿಂದ ಅಮ್ಮನೂ ಕೂಗಿ ಉತ್ತರಿಸುವಳು. ಅಮ್ಮನ ಮಂಡಿಯ ಸಮಾಚಾರ ಇಡೀ ರಸ್ತೆಗೆ ಬಾಯಿಪಾಠವಾಯಿತು! ಗೌರಿಹಬ್ಬದ ದಿನ ಅಕ್ಕ ಒಳಗೆ ಒಬ್ಬಟ್ಟಿನ ಊಟ ಮಾಡಿದಳು. ಭಾವ ಹೊರಗೆ, ಮನೆಯಿಂದ ತಂದ ಚಿತ್ರಾನ್ನ ತಿಂದರು.

"ಅಷ್ಟು ವರ್ಷ ರುಚಿಸಿದ ಕಾಫಿ ಈಗ ಬೇಡವಾಯ್ತು," ಎಂದು ಅಮ್ಮ ಒಳಗೊಳಗೇ ನೊಂದುಕೊಂಡಳು. ಆದರೂ ಪ್ರತಿ ಭಾನುವಾರ ಒಂದು ಲೋಟ ಹೆಚ್ಚಿಗೆ ಬೆರೆಸುವುದನ್ನು ನಿಲ್ಲಿಸಲಿಲ್ಲ. ಅದನ್ನು ನಾನು ಕುಡಿಯಬೇಕಾಗಿತ್ತು. ನಿದ್ದೆ ಕೆಟ್ಟದ್ದು ನನಗೆ!

ಅಕ್ಕನಿಗೆ ಇದೇನೂ ಹೊಸದಲ್ಲ. ಮೂರು ಕಡೆ ದರ ಕೇಳದೆ ಭಾವ ಕೊತ್ತಂಬರಿ ಸೊಪ್ಪನ್ನೂ ಕೊಂಡವರಲ್ಲ. ಅವರೆಕಾಯಿಯ ಕಾಲದಲ್ಲಿ ಜಯನಗರದಲ್ಲೊಮ್ಮೆ, ಬನಶಂಕರಿಯಲ್ಲೊಮ್ಮೆ, ಮಡಿವಾಳದಲ್ಲೊಮ್ಮೆ ವಿಚಾರಿಸಿ, ಜಯನಗರದ್ದೇ ಅಗ್ಗವೆಂದು ವಾಪಸು ಬರುವಷ್ಟರಲ್ಲಿ ಅಲ್ಲಿ ಬುಟ್ಟಿ ಖಾಲಿ.

"ಒಲೆ ಮೇಲೆ ಇಟ್ಟ ನೀರು ಆವಿಯಾಗಿ ಹೋಯ್ತು ಕಣ್ರೀ!" ಎಂದಳು ಅಕ್ಕ. "ಅಲ್ಲಾ, ನನ್ನನ್ನ ನೋಡೋಕೆ ಬಂದಾಗ ಇನ್ನೆರಡು ಮನೆಗೂ ಹೋಗಿದ್ರಾ?"

ಆ ಪ್ರಶ್ನೆ ಭಾವನ ಬಳಿ ಇಂದಿಗೂ 'ಪರಿಶೀಲನೆಯಲ್ಲಿದೆ'.

ಲಕೋಟೆಗಳನ್ನು ಒಡೆದಾಯಿತು. ಅತಿ ಕಡಿಮೆ ದರದವನ ಮಾದರಿ ಬೆಂಚು ನನ್ನ ಶಾಲೆಗೆ ಪರೀಕ್ಷೆಗೆ ಬಂತು. ಐದು ಮಕ್ಕಳ ಭಾರ ತಡೆಯಬೇಕು ಎಂಬುದು ಷರತ್ತು.

"ಮಕ್ಕಳನ್ನ ಕರೀಲಾ?" ಎಂದೆ.

"ಬೇಡ ಮೇಡಂ." ಶಾಲೆಯಲ್ಲಿ ನಾನು ಮೇಡಂ! "ಮುರಿದ್ರೆ ಮಕ್ಕಳು ಬೀಳ್ತಾವೆ. ನಿಮ್ಮ ಡ್ರಿಲ್ ಮಾಸ್ಟರ್ ಇದಾರಲ್ಲ, ಅವರನ್ನ ಕರೀರಿ. ಜೊತೆಗೆ ನೀವೂ ಕೂತ್ಕೊಳ್ಳಿ."

ನಮ್ಮ ಡ್ರಿಲ್ ಮಾಸ್ಟರು ಡ್ರಿಲ್ ಮಾಡಿಸುತ್ತಿದ್ದರೇ ಹೊರತು ಮಾಡುತ್ತಿರಲಿಲ್ಲ. ಆ ಭಾಗ್ಯವೆಲ್ಲ ಅವರ ಸೊಂಟದ ಸುತ್ತ ಸಂಗ್ರಹವಾಗಿತ್ತು. ನಾವಿಬ್ಬರೂ ಕೂತೆವು. ಅವರು ಒಮ್ಮೆ ಸೀನಿದರು. ಬೆಂಚು ಕಿರ್ ಎಂದು ನೆಲ ಹಿಡಿಯಿತು, ನಾವೂ ಹಿಡಿದೆವು. ಭಾವ ನಮ್ಮನ್ನು ಎಬ್ಬಿಸುವ ಮೊದಲು "ಷರತ್ತಿಗೆ ಸರಿಹೊಂದಿಲ್ಲ" ಎಂದು ಬರೆದು ಮುಗಿಸಿದರು! ಎರಡನೆಯ ದರದ ಮಡಿವಾಳದ ಬಡಗಿಯ ಬೆಂಚು ಡ್ರಿಲ್ ಮಾಸ್ಟರನ್ನು ಮೂರು ಸೀನಿನವರೆಗೂ ಹೊತ್ತಿತು. ಅದು ಮಂಜೂರಾಯಿತು.

ತಿರಸ್ಕೃತನಾದವನು ಸುಮ್ಮನಿರುತ್ತಾನೆಯೇ? ದೂರು ಕೊಟ್ಟ: ಅಧಿಕಾರಿ ಹೆಡ್‌ಮೇಡಂ ಮನೆಗೆ ಪ್ರತಿ ವಾರ ಹೋಗುತ್ತಾರೆ, ಅಲ್ಲಿ ಉಂಡು ತಿಂದು ಎಲ್ಲಾ ತೀರ್ಮಾನ ಮಾಡುತ್ತಾರೆ. ವಿಚಾರಣೆಗೆ ಒಬ್ಬರು ನಮ್ಮ ರಸ್ತೆಗೇ ಬಂದರು. ನನ್ನ ಕಣ್ಣ ಮುಂದೆ ಗೋಣಿಚೀಲ. ಅವರು ಮೊದಲು ಮಾತಾಡಿಸಿದ್ದು ಎದುರುಮನೆಯಾಕೆಯನ್ನು.

"ಅಯ್ಯೋ ಸಾರ್, ಅವರಾ? ಬರೋದು ದಿಟ. ಒಳಗೆ ಹೋಗಿದ್ದು ನಾನಂತೂ ನೋಡಿಲ್ಲ. ಮೋರಿ ಮೇಲೆ ಕೂತು ತಂದಿದ್ದು ಕುಡೀತಾರೆ. ಅತ್ತೆ ಅಳಿಯನಿಗೆ ಏನೋ ಜಗಳ ಅಂತ ಕಾಣತ್ತೆ, ಪಾಪ. ಆದ್ರೂ ಆಯಮ್ಮನ ಮಂಡಿನೋವು ಮಾತ್ರ ತಪ್ಪದೆ ಕೇಳ್ತಾರೆ ಸಾರ್. ಎಡಗಡೇದು ವಾಸಿ, ಬಲಗಡೇದೇ ತೊಂದ್ರೆ."

ಇಡೀ ರಸ್ತೆ ಅದನ್ನೇ ಹೇಳಿತು. ದೂರು ಬಿತ್ತು, ಟೆಂಡರ್ ಉಳಿಯಿತು. ಅಮ್ಮ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸ ಪುಡಿಗೆಂದು ಕಾಫಿ ಡಬ್ಬ ತೊಳೆದಿಟ್ಟಳು.

ಕಾರ್ತಿಕದ ಒಂದು ಶನಿವಾರ, ಮಧ್ಯಾಹ್ನ ಮೂರಕ್ಕೆ, ಮಕ್ಕಳು ಮನೆಗೆ ಹೋದ ಮೇಲೆ ಬೆಂಚುಗಳು ಬಂದವು. ಭಾವ ಒಂದೊಂದನ್ನೂ ಅಲುಗಾಡಿಸಿ, ಅಂಗೈಯಿಂದ ಸವರಿ, ಸಿಬಿರು ಇದ್ದಲ್ಲಿ ಬಡಗಿಯಿಂದ ಮತ್ತೆ ಉಜ್ಜಿಸಿದರು. ಆ ಹೊತ್ತಿಗೆ, ಬೆಳಿಗ್ಗೆ ನನ್ನಿಂದ ಸುದ್ದಿ ಕೇಳಿದ್ದ ಅಮ್ಮ ಆಟೋದಲ್ಲಿ ಬಂದಳು. ಕೈಯಲ್ಲಿ ಥರ್ಮಾಸು, ಲೋಟಗಳು. ಕೊಠಡಿಯ ಹೊಸ್ತಿಲಲ್ಲೇ ನಿಂತಳು.

"ಈಗಾದ್ರೂ ಮುಗೀತಾ?"

"ಒಂದು ನಿಮಿಷ ಅತ್ತೆ." ಭಾವ ರಸೀದಿಗೆ ಸಹಿ ಹಾಕಿದರು. ಬಡಗಿಗೆ ಅವನ ಪ್ರತಿ ಕೊಟ್ಟು ಕಳಿಸಿದರು. ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟರು. "ಮುಗೀತು. ಒಳಗೆ ಬನ್ನಿ."

ಅಮ್ಮ ಲೋಟ ಚಾಚಿದಳು. ಭಾವ ತೆಗೆದುಕೊಳ್ಳಲಿಲ್ಲ. ಚಪ್ಪಡಿಯ ಮೇಲೆ ಹಾಸುತ್ತಿದ್ದ ಅದೇ ಕರವಸ್ತ್ರದಿಂದ ಮೊದಲ ಸಾಲಿನ ಬೆಂಚು ಒರೆಸಿದರು.

"ಮೊದಲು ನೀವು ಕೂತ್ಕೊಳ್ಳಿ."

"ನಾನಾ? ಮಕ್ಕಳದ್ದಲ್ವಾ ಇದು..."

"ತಮ್ಮಂದಿರ ಸ್ಲೇಟು ಹೊತ್ಕೊಂಡು ಸ್ಕೂಲಿನ ಬಾಗಿಲವರೆಗೂ ಹೋಗಿ ವಾಪಸು ಬರ್ತಿದ್ದೆ ಅಂದಿದ್ರಲ್ಲ, ಒಂದು ಭಾನುವಾರ."

ಅಮ್ಮನನ್ನು ಶಾಲೆಗೆ ಕಳಿಸಿರಲೇ ಇಲ್ಲ ಎಂಬುದು ನನಗೂ ಗೊತ್ತಿದ್ದ ವಿಷಯವೇ. ಹೆಡ್‌ಮೇಡಂ ಆದ ಮೇಲೂ ಅಮ್ಮನನ್ನು ಶಾಲೆಗೆ ಕರೆತರಬೇಕೆಂದು ನನಗೆ ತೋಚಿರಲಿಲ್ಲ.

ಅಮ್ಮ ಬಲಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತಳು. ಕಪ್ಪುಹಲಗೆಯನ್ನು ನೋಡಿದಳು. ಆಮೇಲೆ, ಯಾರೂ ಹೇಳದೆಯೇ, ಕೈಕಟ್ಟಿಕೊಂಡಳು. ಪಕ್ಕದಲ್ಲಿ ಭಾವ, ಮಂಡಿ ಗಲ್ಲಕ್ಕೆ ತಾಗುವಂತೆ ಮುದುರಿ ಕೂತು, ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಆರಿದೆಯಾ?"

"ಇಲ್ಲ ಅತ್ತೆ. ಇನ್ನೊಂದು ಲೋಟ ಇದೆಯಾ?"

ಅಮ್ಮ ತಾನಾಗಿ ಏಳುವವರೆಗೂ ಯಾರೂ ಹೊರಡೋಣ ಎನ್ನಲಿಲ್ಲ. ಐದು ಗಂಟೆಗೆ ನಾನು ಲೋಟಗಳನ್ನು ತೊಳೆದೆ. ಕಿಟಕಿಗಳನ್ನು ಮುಚ್ಚಿದೆ. ಮೂಲೆಯ ಗೋಣಿಚೀಲಗಳನ್ನು ಕಟ್ಟಿ ಹೊರಗಿಟ್ಟು, ಬಾಗಿಲಿಗೆ ಬೀಗ ಹಾಕಿದೆ.